ಹಳೇ ಮಾನ್‌ಸ್ಟರ್ ಸಿನಿಮಾಗಳ ರೀಮೇಕ್: ಯಾವುದನ್ನು ಬದಲಾಯಿಸಬೇಕು, ಯಾವುದನ್ನು ಮುಟ್ಟಬಾರದು?

ಹಳೇರೀಲು:
ಹೋದ ವಾರ ಮಗಳ ಜೊತೆ ಕೂತು 1931ರ ‘ಫ್ರಾಂಕನ್‌ಸ್ಟೈನ್’ ನೋಡಿದೆ. ಅವಳಿಗೆ ಹದಿನೈದು ವರ್ಷ. ಶುರುವಿನಲ್ಲಿ ಬೇಜಾರು ಮಾಡಿಕೊಂಡಳು. ಹಿನ್ನೆಲೆ ಸಂಗೀತ ಇಲ್ಲವೇ ಇಲ್ಲ ಅನ್ನಬಹುದು, ಮಾತು ನಾಟಕದ ಹಾಗೆ, ಹಿಂದೆ ಕಾಣುವ ಆಕಾಶ ಬಣ್ಣ ಬಳಿದ ಪರದೆ ಅಂತ ತಕ್ಷಣ ಗೊತ್ತಾಗುತ್ತದೆ. ಆದರೆ ಕೆರೆ ದಡದ ದೃಶ್ಯ ಬಂದಾಗ ಫೋನ್ ಕೆಳಗಿಟ್ಟಳು. ವಿಜ್ಞಾನಿಯೊಬ್ಬ ಹೆಣಗಳ ಭಾಗ ಜೋಡಿಸಿ ಜೀವ ಕೊಟ್ಟ ಮಾನ್‌ಸ್ಟರ್‌ಗೆ ಪುಟ್ಟ ಹುಡುಗಿ ಹೂವು ಕೊಡುತ್ತಾಳೆ, ಇಬ್ಬರೂ ಹೂವು ತೇಲಿಬಿಡುತ್ತಾರೆ, ಹೂವು ಮುಗಿದಾಗ ಹುಡುಗಿಯೂ ತೇಲುತ್ತಾಳೆ ಅಂದುಕೊಂಡು ಅವಳನ್ನೇ ಎತ್ತಿ ನೀರಿಗೆ ಹಾಕುತ್ತಾನೆ. ಮಗಳು ಸುಮಾರು ಹೊತ್ತು ಸುಮ್ಮನಿದ್ದು, “ಅವನಿಗೆ ಯಾರೂ ಏನೂ ಹೇಳಿಕೊಟ್ಟೇ ಇರಲಿಲ್ಲ ಅಲ್ವಾ ಅಪ್ಪ” ಅಂದಳು.

ಇಂಥ ಸಿನಿಮಾಗಳನ್ನು ಈಗಿನವರಿಗಾಗಿ ಮತ್ತೆ ಮಾಡುವಾಗ ಏನು ಬದಲಾಗಬೇಕು, ಏನು ಹಾಗೇ ಉಳಿಯಬೇಕು? ಗ್ರಾಫಿಕ್ಸ್ ಚೆನ್ನಾಗಿದ್ದರೆ ಸಾಕು ಅನ್ನುವುದನ್ನು ನಾನು ನಂಬುವುದಿಲ್ಲ.

ಖಾಲಿಕುರ್ಚಿ:
ಭಯ ಎಲ್ಲಿಂದ ಬರುತ್ತದೆ ಅನ್ನುವುದು ಬದಲಾಗಬೇಕು. 2020ರ ‘ದಿ ಇನ್‌ವಿಸಿಬಲ್ ಮ್ಯಾನ್’ ನೋಡಿ. 1933ರದ್ದರಲ್ಲಿ ಕಥೆಯೆಲ್ಲ ಕಣ್ಣಿಗೆ ಕಾಣದಂತಾದ ವಿಜ್ಞಾನಿಯದು, ಔಷಧಿ ತಲೆಗೇರಿ ಅವನಿಗೆ ಹುಚ್ಚು ಹಿಡಿಯುತ್ತದೆ, ಜಗತ್ತನ್ನೇ ಆಳುತ್ತೇನೆ ಅನ್ನುತ್ತಾನೆ. ಹೊಸದರಲ್ಲಿ ಕಥೆ ಅವನಿಂದ ತಪ್ಪಿಸಿಕೊಂಡು ಬಂದ ಹೆಣ್ಣಿನದು. ಅವನು ಮನೆಯಲ್ಲೇ ಇದ್ದಾನೆ ಅಂತ ಅವಳು ಹೇಳಿದರೆ ಯಾರೂ ನಂಬುವುದಿಲ್ಲ. ಕ್ಯಾಮೆರಾ ಸುಮ್ನೆ ಒಂದು ಖಾಲಿ ಮೂಲೆಯ ಕಡೆ ತಿರುಗುತ್ತದೆ, ಅಲ್ಲೇ ನಿಲ್ಲುತ್ತದೆ. ಅಲ್ಲಿ ಏನೂ ಇಲ್ಲ, ಆದರೂ ಕಣ್ಣು ಆ ಮೂಲೆಯನ್ನೇ ಹುಡುಕುತ್ತದೆ. ಹಿಂಸೆ ಕೊಡುವ ಗಂಡಸಿನ ಜೊತೆ ಬದುಕಿದವರಿಗೆ ಈ ಸಿನಿಮಾ ಏನು ಹೇಳುತ್ತಿದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಅಕ್ಕ ಅರ್ಧಕ್ಕೇ ಎದ್ದುಹೋದಳು, ಒಂದು ತಿಂಗಳ ಮೇಲೆ ತಾನೇ ಕೇಳಿ ಪೂರ್ತಿ ನೋಡಿದಳು.

ರಬ್ಬರ್‌ಮುಖ:
ಒಪ್ಪುತ್ತೇನೆ, ಆದರೆ ಮೈ ಇರುವ ಮಾನ್‌ಸ್ಟರ್ ಆದರೆ ಅದು ಕಣ್ಣೆದುರು ಇರಬೇಕು. 1951ರ ಸಿನಿಮಾವೊಂದರಲ್ಲಿ ಅನ್ಯಲೋಕದ ಪ್ರಾಣಿ ಅಂದರೆ ವೇಷ ಹಾಕಿದ ಒಬ್ಬ ಎತ್ತರದ ನಟ. ಅದನ್ನೇ ಜಾನ್ ಕಾರ್ಪೆಂಟರ್ 1982ರಲ್ಲಿ ‘ದಿ ಥಿಂಗ್’ ಅಂತ ಮತ್ತೆ ಮಾಡಿದರು. ಇಲ್ಲಿ ಅದು ಯಾರ ರೂಪ ಬೇಕಾದರೂ ತಾಳುತ್ತದೆ, ಹಿಮದ ನಡುವೆ ಸಿಕ್ಕಿಕೊಂಡ ಗಂಡಸರು ಒಬ್ಬರನ್ನೊಬ್ಬರು ನಂಬಲಾಗದೆ ಒದ್ದಾಡುತ್ತಾರೆ. ರಾಬ್ ಬಾಟಿನ್ ತಂಡ ರಬ್ಬರು, ಅಂಟು ದ್ರವ, ಯಂತ್ರದ ಬೊಂಬೆ ಎಲ್ಲ ಸೇರಿಸಿ ಮಾಡಿದ್ದು ಇವತ್ತಿಗೂ ಹೊಟ್ಟೆ ತೊಳಸುವ ಹಾಗಿದೆ. 2011ರಲ್ಲಿ ಇದರ ಹಿಂದಿನ ಕಥೆ ಅಂತ ಇನ್ನೊಂದು ಬಂತು. ಅದಕ್ಕೂ ಕೈಯಲ್ಲೇ ಮಾಡಿದ ಬೊಂಬೆಗಳಿದ್ದವು, ಆಮೇಲೆ ಹೆಚ್ಚಿನವನ್ನು ಕಂಪ್ಯೂಟರ್ ಚಿತ್ರ ಹಾಕಿ ಮುಚ್ಚಿಬಿಟ್ಟರು. ಎರಡನ್ನೂ ಒಂದರ ಹಿಂದೆ ಒಂದು ನೋಡಿ. ನನಗೆ ಆ ಕೆಲಸಗಾರರನ್ನು ನೆನೆದು ತುಂಬಾ ಬೇಸರವಾಯಿತು.

ಸಮುದ್ರದಮೌನ:
ಕಂಪ್ಯೂಟರ್ ಚಿತ್ರವನ್ನೇ ಬೈಯಬೇಡಿ. 2023ರ ‘ಗಾಡ್ಜಿಲ್ಲಾ ಮೈನಸ್ ಒನ್’ನಲ್ಲಿ ಗಾಡ್ಜಿಲ್ಲಾ ಪೂರ್ತಿ ಕಂಪ್ಯೂಟರ್‌ನಲ್ಲೇ ಹುಟ್ಟಿದ್ದು, ವಿಷುವಲ್ ಎಫೆಕ್ಟ್ಸ್‌ಗೆ ಆಸ್ಕರ್ ಕೂಡ ಬಂತು. ಅದು ಮನಸ್ಸಿಗೆ ತಟ್ಟುವುದು ಬೇರೆ ಕಾರಣಕ್ಕೆ. ಮೊದಲ ಗಾಡ್ಜಿಲ್ಲಾ ಬಂದದ್ದು 1954ರ ನವೆಂಬರ್‌ನಲ್ಲಿ. ಅದೇ ವರ್ಷ ಮಾರ್ಚ್‌ನಲ್ಲಿ ಪೆಸಿಫಿಕ್ ಸಾಗರದ ಬಿಕಿನಿ ದ್ವೀಪದಲ್ಲಿ ಅಮೆರಿಕ ಹೈಡ್ರೋಜನ್ ಬಾಂಬ್ ಪರೀಕ್ಷೆ ಮಾಡಿದಾಗ ಜಪಾನಿನ ಮೀನುಗಾರರ ದೋಣಿಯ ಮೇಲೆ ವಿಕಿರಣದ ಬೂದಿ ಬಿದ್ದಿತ್ತು. ನೋಡಲು ಬಂದವರಿಗೆ ಆ ಸುದ್ದಿಯೂ ಗೊತ್ತು, ಹಿರೋಶಿಮಾವೂ ಗೊತ್ತು. 1998ರ ಅಮೆರಿಕದ ಸಿನಿಮಾದಲ್ಲಿ ಅದು ದೊಡ್ಡ ಹಲ್ಲಿಯಾಗಿ ಊರೆಲ್ಲ ಓಡಿ ಮೊಟ್ಟೆ ಇಟ್ಟಿತು, ದುಃಖ ಎಲ್ಲೂ ಇರಲಿಲ್ಲ. ಮೈನಸ್ ಒನ್ ಮತ್ತೆ ಯುದ್ಧ ಮುಗಿದಾಗಿನ ಸುಟ್ಟ ಟೋಕಿಯೋಗೇ ಹೋಯಿತು, ಸಾಯದೆ ಉಳಿದೆನಲ್ಲ ಅಂತ ಕೊರಗುವ ಒಬ್ಬ ಪೈಲಟ್‌ನನ್ನು ಮುಂದಿಟ್ಟಿತು. ಕಾಲವನ್ನು ಈಗಿನದಕ್ಕೆ ತರಲೇಬೇಕು ಅಂತೇನಿಲ್ಲ.

ರಬ್ಬರ್‌ಮುಖ:
ಸರಿ, ಇದು ನ್ಯಾಯವಾದ ಮಾತು. ಆ ಪೈಲಟ್ ಇಲ್ಲದಿದ್ದರೆ ಅಷ್ಟು ಗ್ರಾಫಿಕ್ಸ್ ಇದ್ದೂ ನಾನು ಅಳುತ್ತಿರಲಿಲ್ಲ.

ಹಳೇರೀಲು:
ಹಾಗಾದರೆ 2017ರ ‘ದಿ ಮಮ್ಮಿ’ ಯಾಕೆ ಸೋತಿತು ಅಂತೀರಿ? ದುಡ್ಡು, ದೊಡ್ಡ ನಟ ಎಲ್ಲ ಇತ್ತು.

ಖಾಲಿಕುರ್ಚಿ:
ಅದನ್ನು ಒಂದು ಸರಣಿಯ ಮೊದಲ ಕಂತು ಅಂತ ಮಾಡಿದ್ದರು. ಮುಂದಿನ ಸಿನಿಮಾಗಳಿಗೆ ಬಾಗಿಲು ತೆರೆಯುವುದರಲ್ಲೇ ಹೊತ್ತು ಹೋಯಿತು, ಸರಣಿಯೂ ಅಲ್ಲಿಗೇ ನಿಂತಿತು. ಸಾವಿರಾರು ವರ್ಷ ಸಮಾಧಿಯಲ್ಲಿದ್ದು ಎದ್ದು ಬಂದವಳ ಮನಸ್ಸಿನಲ್ಲಿ ಏನಿದೆ ಅಂತ ಕೇಳುವ ತಾಳ್ಮೆಯೇ ಇಲ್ಲ. 1986ರ ‘ದಿ ಫ್ಲೈ’ಯಲ್ಲಿ ಆ ತಾಳ್ಮೆ ಇದೆ. ವಸ್ತುಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ತನ್ನದೇ ಯಂತ್ರದೊಳಗೆ ವಿಜ್ಞಾನಿಯೊಬ್ಬ ಹೋದಾಗ ಒಂದು ನೊಣವೂ ಸೇರಿಕೊಳ್ಳುತ್ತದೆ. 1958ರದ್ದರಲ್ಲಿ ಯಂತ್ರದಿಂದ ಹೊರಬರುವಾಗಲೇ ಅವನಿಗೆ ನೊಣದ ತಲೆ. ನಿರ್ದೇಶಕ ಕ್ರೋನೆನ್‌ಬರ್ಗ್ 1986ರಲ್ಲಿ ಮಾಡಿದ್ದರಲ್ಲಿ ಉಗುರು ಕಿತ್ತುಬರುತ್ತದೆ, ಕಿವಿ ಬೀಳುತ್ತದೆ, ಅವನನ್ನು ಪ್ರೀತಿಸುವವಳು ಅವನು ಹಾಗಾಗುವುದನ್ನು ನೋಡಬೇಕು. ಹಾಸಿಗೆ ಹಿಡಿದ ನಮ್ಮವರ ಪಕ್ಕ ಕೂತ ಹಾಗೆ ಇರುತ್ತದೆ. ಮಗಳಿಗೆ ಇದನ್ನು ಈಗಲೇ ತೋರಿಸಬೇಡಿ, ರಕ್ತ ಜಾಸ್ತಿ.

ಸಮುದ್ರದಮೌನ:
ಅವಳಿಗೆ ಮೊದಲು 1935ರ ‘ಬ್ರೈಡ್ ಆಫ್ ಫ್ರಾಂಕನ್‌ಸ್ಟೈನ್’ ತೋರಿಸಿ. ಕಾಡಿನ ಗುಡಿಸಲಿನ ಕುರುಡ ಮುದುಕನೊಬ್ಬ ಅವನನ್ನು ಒಳಗೆ ಕರೆದು ಕೂರಿಸಿಕೊಂಡು ರೊಟ್ಟಿ, ಗೆಳೆಯ, ಒಳ್ಳೆಯದು ಅಂತ ಒಂದೊಂದೇ ಮಾತು ಕಲಿಸುತ್ತಾನೆ. ಮಗಳು ಕೇಳಿದ್ದು ಇದನ್ನೇ ಅಲ್ವಾ.

ಹಳೇರೀಲು:
ಭಾನುವಾರ ಇದನ್ನೇ ಹಾಕುತ್ತೇನೆ. ಏನಾಗುತ್ತದೆ ಅಂತ ಅವಳಿಗೆ ಮೊದಲೇ ಹೇಳುವುದಿಲ್ಲ.