ಹೈದರ್ ಅಲಿ ಮದರಾಸಿನ ಸೇಂಟ್ ಜಾರ್ಜ್ ಕೋಟೆಗೆ ಯಾಕೆ ಮುತ್ತಿಗೆ ಹಾಕಲಿಲ್ಲ?

ಕೊತ್ತಲ_ಕುತೂಹಲ:
1769ರ ಮಾರ್ಚ್ ಕೊನೆಗೆ ಹೈದರ್ ಮದರಾಸಿನ ಹೊರವಲಯದ ಪರಂಗಿಮಲೈವರೆಗೂ (ಸೇಂಟ್ ಥಾಮಸ್ ಮೌಂಟ್) ಹೋಗಿದ್ದ. ಕೋಟೆ ಅಲ್ಲಿಂದ ಕೂಗಳತೆಯಲ್ಲ, ಆದರೂ ಕುದುರೆಗೆ ಅರ್ಧ ದಿನದ ದಾರಿಯೂ ಅಲ್ಲ. ಹಾಗಿದ್ದೂ ಮುತ್ತಿಗೆ ಹಾಕದೆ ಒಪ್ಪಂದ ಮಾಡಿಕೊಂಡು ವಾಪಸಾದ. ಕೋಟೆ ಅಷ್ಟು ಗಟ್ಟಿಯಿತ್ತೇ? ಗಟ್ಟಿಯಿದ್ದರೆ ಈಸ್ಟ್ ಇಂಡಿಯಾ ಕಂಪನಿಯವರು ಸಂಧಿಗೆ ಯಾಕೆ ಒಪ್ಪಿದರು? 1746ರಲ್ಲಿ ಫ್ರೆಂಚರು ಇದೇ ಕೋಟೆಯನ್ನು ಕೆಲವೇ ದಿನಗಳಲ್ಲಿ ಹಿಡಿದಿದ್ದರಲ್ಲ?

ಸುಣ್ಣಗಾರೆ:
ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ಫ್ರೆಂಚ್ ಹಡಗುಪಡೆಯ ನಾಯಕ ಲಾ ಬೂರ್ದೊನೆ 1746ರಲ್ಲಿ ಹಿಡಿದ ಕೋಟೆಯೇ ಬೇರೆ, ಹೈದರ್ ಕಂಡ ಕೋಟೆಯೇ ಬೇರೆ. 1640ರಲ್ಲಿ ಕಟ್ಟಲು ತೊಡಗಿದ ಹಳೆಯದು ನಿಜಕ್ಕೂ ಗೋಡೆ ಸುತ್ತಿದ ವ್ಯಾಪಾರದ ಮಳಿಗೆ. ಗೋಡೆ ತೆಳು. ಉತ್ತರಕ್ಕೆ ಬ್ಲ್ಯಾಕ್ ಟೌನಿನ, ಅಂದರೆ ಸ್ಥಳೀಯರ ಪೇಟೆಯ, ಮನೆಗಳು ಕೋಟೆಗೆ ಅಂಟಿಕೊಂಡೇ ಇದ್ದವು, ಶತ್ರುವಿಗೆ ಮರೆಗೆ ಬೇರೇನೂ ಬೇಕಿರಲಿಲ್ಲ. ಪಶ್ಚಿಮಕ್ಕೆ ಹೊಳೆ ಹರಿಯುತ್ತಿದ್ದರಿಂದ ಆ ಕಡೆ ಬೆಳೆಯಲು ಜಾಗವೂ ಇರಲಿಲ್ಲ.

1749ರಲ್ಲಿ ಕೋಟೆ ವಾಪಸ್ ಸಿಕ್ಕ ಮೇಲೆ ಹೊಳೆಯ ಪಾತ್ರ ತಿರುಗಿಸಿ, ಹಳೆ ಪಾತ್ರ ತುಂಬಿಸಿ, ಕೋಟೆಯನ್ನು ಪಶ್ಚಿಮಕ್ಕೆ ಹಿಗ್ಗಿಸಿದರು. ಚೂಪು ಮೂಲೆಯ ಕೊತ್ತಲ, ಕಂದಕ, ಅದರಾಚೆ ಇಳಿಜಾರು ಮಣ್ಣಿನ ದಿಬ್ಬ ಬಂದವು. ಆ ದಿಬ್ಬವೇ ಮುಖ್ಯ. ಬಯಲಿನಿಂದ ನೋಡುವವನಿಗೆ ಗೋಡೆಯ ತಲೆ ಮಾತ್ರ ಕಾಣುತ್ತದೆ, ಬುಡ ಕಾಣುವುದಿಲ್ಲ. ಬುಡಕ್ಕೆ ಹೊಡೆಯದೆ ಗೋಡೆ ಕಂದಕಕ್ಕೆ ಕುಸಿಯುವುದಿಲ್ಲ, ಲಗ್ಗೆ ಹತ್ತಲು ಗಂಡಿ ಸಿಗುವುದಿಲ್ಲ. ತಲೆಗೆ ಹೊಡೆದ ಗುಂಡು ಹಿಂದಿನ ಮಣ್ಣಲ್ಲಿ ಹೂತುಹೋಗುತ್ತದೆ, ಅಷ್ಟೇ.

ಮದ್ದಿನಮನೆ:
ಮೇಲಿನದಕ್ಕೆ ಸೇರಿಸುತ್ತೇನೆ. ಇಂಥ ಕೋಟೆ ಒಡೆಯಲು 18 ಅಥವಾ 24 ಪೌಂಡಿನ ಫಿರಂಗಿ ಬೇಕು. 24 ಪೌಂಡ್ ಅಂದರೆ ಗುಂಡಿನ ತೂಕ, ಸುಮಾರು 11 ಕೆಜಿ; ಫಿರಂಗಿಯದೇ ತೂಕ ಎರಡೂವರೆ ಟನ್ ಆಸುಪಾಸು. ಪ್ರತಿ ಹೊಡೆತಕ್ಕೆ ಗುಂಡಿನ ತೂಕದ ಮೂರನೇ ಒಂದರಿಂದ ಅರ್ಧದಷ್ಟು ಮದ್ದು. ಇವನ್ನು ಅಂಕುಡೊಂಕು ಕಾಲುವೆ ತೋಡುತ್ತಾ ದಿಬ್ಬದ ತುದಿಗೇ ತರಬೇಕು. ನೇರ ತೋಡಿದರೆ ಕೋಟೆಯ ಮೇಲಿನ ಒಂದೇ ಗುಂಡು ಕಾಲುವೆಯುದ್ದಕ್ಕೂ ಗುಡಿಸಿಕೊಂಡು ಹೋಗುತ್ತದೆ.

ಹೈದರ್ ಹತ್ತಿರ ಏನಿತ್ತು? ಸುಮಾರು 6,000 ಕುದುರೆ ಸವಾರರು, ಬೆರಳೆಣಿಕೆಯ ಕಾಲಾಳು. ಫಿರಂಗಿಯೇ ಇಲ್ಲ! ಮೂರೂವರೆ ದಿನದಲ್ಲಿ 130 ಮೈಲಿ ಬಂದದ್ದು ಅದರಿಂದಲೇ. ಎತ್ತು ಕಟ್ಟಿದ ಫಿರಂಗಿ ಜತೆಗಿದ್ದಿದ್ದರೆ ಎರಡು ವಾರ ಹಿಡಿಯುತ್ತಿತ್ತು, ಅಷ್ಟರಲ್ಲಿ ಕಂಪನಿಯ ದಂಡನಾಯಕ ಕರ್ನಲ್ ಸ್ಮಿತ್‌ನ ಸೈನ್ಯ ಬೆನ್ನಿಗೆ ಬೀಳುತ್ತಿತ್ತು. ‘ಹೈದರ್ ಮದರಾಸು ಕೋಟೆಗೆ ಮುತ್ತಿಗೆ ಹಾಕಿದ’ ಅಂತ ಆಗಾಗ ಬರೆಯುತ್ತಾರೆ, ತಪ್ಪು.

ಫಿರಂಗಿ ಇದ್ದರೂ ಸಾಲದು ಅನ್ನುವುದಕ್ಕೆ ಫ್ರೆಂಚ್ ಸೇನಾಪತಿ ಲಾಲಿಯ ಉದಾಹರಣೆ ನೋಡಿ. 1758ರ ಡಿಸೆಂಬರ್‌ನಲ್ಲಿ ಬಂದ. ಹಿಂಗಾರು ಮಳೆಗಾಲಕ್ಕೆ ಇಂಗ್ಲಿಷ್ ಹಡಗುಪಡೆ ಕೋರಮಂಡಲ ತೀರ ಬಿಟ್ಟು ಮುಂಬಯಿಗೆ ಹೋಗಿರುವ ಹೊತ್ತದು. 1759ರ ಜನವರಿ ಮೊದಲ ವಾರದಿಂದ ಉತ್ತರ ಕಡೆಯಿಂದ ಗುಂಡಿನ ಸುರಿಮಳೆ. ಗೋಡೆ ಜಖಂ ಆಯಿತು, ಲಗ್ಗೆಗೆ ತಕ್ಕ ಗಂಡಿ ಆಗಲಿಲ್ಲ. ಹಣ, ಮದ್ದು ಎರಡೂ ಕರಗಿದವು. ಫೆಬ್ರವರಿ 16ಕ್ಕೆ ಹಡಗುಗಳು ಕಂಡವು, ಮರುದಿನ ಫ್ರೆಂಚರು ಜಾಗ ಖಾಲಿ. ಕಡಲು ಕೈಯಲ್ಲಿರುವವರೆಗೆ ಈ ಕೋಟೆಗೆ ಉಪವಾಸ ಹಾಕಲು ಆಗದು. ಹೈದರ್‌ಗೆ ಇದು ಗೊತ್ತಿರಲಿಲ್ಲ ಅಂತ ನನಗನ್ನಿಸುವುದಿಲ್ಲ.

ಕೊತ್ತಲ_ಕುತೂಹಲ:
ಸರಿ ಸರ್. ಆದರೆ ಹಾಗಾದರೆ ಸಂಧಿಗೆ ಒಪ್ಪಿದ್ದೇಕೆ?

ಸುಣ್ಣಗಾರೆ:
ಕೋಟೆಯೊಳಗೆ ಇದ್ದದ್ದು ಕಚೇರಿ, ಸೈನಿಕರು, ಇಗರ್ಜಿ. ಹಣ ಹುಟ್ಟುತ್ತಿದ್ದದ್ದು ಹೊರಗೆ: ಬ್ಲ್ಯಾಕ್ ಟೌನಿನ ಸಾಹುಕಾರರು, ನೇಕಾರರು, ಸುತ್ತಲ ಹಳ್ಳಿಗಳು, ಜತೆಗೆ ಇಂಗ್ಲಿಷ್ ದೊರೆಗಳ ತೋಟದ ಮನೆಗಳು. ಸವಾರರಿಗೆ ಅದನ್ನು ಸುಡಲು ಫಿರಂಗಿ ಬೇಡ. ಹೈದರ್ ಸ್ಮಿತ್‌ನ ಸೈನ್ಯ ಇದ್ದಲ್ಲೇ ನಿಲ್ಲಬೇಕು ಅಂದ, ಮಾತಿಗೆ ಮುಂದೆ ಮದರಾಸಿನ ಗವರ್ನರ್ ಆಗಲಿದ್ದ ಡ್ಯೂಪ್ರೆಯೇ ಬರಬೇಕು ಅಂದ, ಎರಡೂ ನಡೆಯಿತು. ಏಪ್ರಿಲ್ ಮೊದಲ ವಾರದಲ್ಲಿ ಒಪ್ಪಂದ: ಗೆದ್ದ ಜಾಗಗಳ ವಾಪಸಾತಿ, ಒಬ್ಬರ ಮೇಲೆ ದಾಳಿಯಾದರೆ ಇನ್ನೊಬ್ಬರ ನೆರವು. ಈ ಯುದ್ಧದ ಸುದ್ದಿಗೆ ಲಂಡನ್ನಿನಲ್ಲಿ ಕಂಪನಿಯ ಷೇರು ಕುಸಿಯಿತು. ನೆರವಿನ ಮಾತನ್ನು ಮಾತ್ರ ಮರಾಠರು ಮೈಸೂರಿನ ಮೇಲೆ ಬಂದಾಗ ಕಂಪನಿ ನಡೆಸಿಕೊಡಲಿಲ್ಲ, 1780ರ ಯುದ್ಧಕ್ಕೆ ಅದೂ ಒಂದು ಕಾರಣ.

ವಾಲ್‌ಟ್ಯಾಕ್ಸ್:
ಆ ದಾಳಿಯ ಗುರುತು ಚೆನ್ನೈನಲ್ಲಿ ಇನ್ನೂ ಇದೆ. ಬ್ಲ್ಯಾಕ್ ಟೌನಿಗೆ ಗಟ್ಟಿ ಗೋಡೆ ಎದ್ದದ್ದು ಆಮೇಲೆಯೇ. ಗೋಡೆಯ ಖರ್ಚಿಗೆ ಎತ್ತಬೇಕೆಂದಿದ್ದ ತೆರಿಗೆಯಿಂದ ಸೆಂಟ್ರಲ್ ಸ್ಟೇಷನ್ ಪಕ್ಕದ ವಾಲ್ ಟ್ಯಾಕ್ಸ್ ರಸ್ತೆಗೆ ಆ ಹೆಸರು. ಓಲ್ಡ್ ಜೈಲ್ ರಸ್ತೆಯ ಕಡೆ ಗೋಡೆಯ ತುಂಡೊಂದು ಉಳಿದಿದೆ. ಕೋಟೆಯ ಗುಂಡಿಗೆ ಅಡ್ಡ ಬರದಂತೆ ಬಯಲು ಬಿಡಲು 1773ರಲ್ಲಿ ಆರು ಗಡಿಕಂಬ ನೆಟ್ಟರು. ಪ್ಯಾರೀಸ್ ಕಾರ್ನರ್‌ನ ಡೇರ್ ಹೌಸ್ ಬಳಿ ಒಂದು ಇದೆ. ಹೈಕೋರ್ಟ್ ನಿಂತಿರುವುದು ಆ ಬಯಲಲ್ಲೇ.

ಕೋಟೆಗೆ ಹೋಗುವವರು ಗುರುತಿನ ಚೀಟಿ ಇಟ್ಟುಕೊಳ್ಳಿ, ಸಚಿವಾಲಯ ಒಳಗಿರುವುದರಿಂದ ತಪಾಸಣೆ ಬಿಗಿ. ಮ್ಯೂಸಿಯಂಗೆ ಶುಕ್ರವಾರ ರಜೆ. ಅಲ್ಲಿ ಕಾರ್ನ್‌ವಾಲಿಸ್ ಪ್ರತಿಮೆಯ ಪೀಠ ನೋಡದೆ ಬರಬೇಡಿ: ಟಿಪ್ಪುವಿನ ಮಕ್ಕಳನ್ನು ಒತ್ತೆಯಾಗಿ ಒಪ್ಪಿಸುವ ದೃಶ್ಯ ಕೆತ್ತಿದ್ದಾರೆ. ಕಡಲು ಗೋಡೆಗೆ ತಾಗುತ್ತಿತ್ತು ಅಂತ ಓದಿ ಹೋದವರಿಗೆ ಈಗ ಎದುರಾಗುವುದು ರಸ್ತೆ. ಬಂದರು ಕಟ್ಟಿದ ಮೇಲೆ ಅದರ ತೆಂಕಲಿಗೆ ಮರಳು ಕೂಡಿ ನೀರು ದೂರ ಸರಿಯಿತು.