ಹಳೇ ಫೈರ್‌ಪ್ಲೇಸ್‌ನಲ್ಲಿ ಸೌದೆ ಸ್ಟವ್: ಚಿಮಣಿ ಇದೆಯಲ್ಲ, ಸಾಲದೇ?

ಪ್ರಶ್ನೆ: ನಮಸ್ಕಾರ ಸರ್. ನಾವು ಕೊಂಡಿರೋದು ತುಂಬಾ ಹಳೇ ಮನೆ. ಹಾಲ್‌ನಲ್ಲಿ ಇಟ್ಟಿಗೆಯ ಫೈರ್‌ಪ್ಲೇಸ್ ಇದೆ, ಆದರೆ ಬೆಂಕಿ ಹಾಕಿದರೆ ಕಾವೆಲ್ಲ ಚಿಮಣಿ ಪಾಲು. ಅದರೊಳಗೆ ಬೀಡುಕಬ್ಬಿಣದ ಸೌದೆ ಸ್ಟವ್ ಕೂರಿಸೋಣ ಅಂತಿದ್ದೇವೆ. ಪೈಪನ್ನು ಎರಡಡಿ ಮೇಲಕ್ಕೆ ತೂರಿಸಿಬಿಟ್ಟರೆ ಸಾಕು, ಮಿಕ್ಕಿದ್ದು ಚಿಮಣಿಯೇ ನೋಡಿಕೊಳ್ಳುತ್ತೆ ಅಂತ ಪರಿಚಯದವರೊಬ್ಬರು ಹೇಳಿದರು. ಹಾಗೆ ಮಾಡಬಹುದಾ?

ಉತ್ತರ: ದಯವಿಟ್ಟು ಬೇಡ. ನಾನು ಬಿಚ್ಚಿ ಸರಿಮಾಡಿದ ಹಳೇ ಸ್ಟವ್‌ಗಳಲ್ಲಿ ಬಹಳಷ್ಟು ಹೀಗೇ ಕೂರಿಸಿದ್ದವು. ಒಂದು ಸ್ಟವ್‌ನ ಹಿಂದೆ ಎರಡು ಬಕೆಟ್ ಕಪ್ಪು ಹೆಕ್ಕಳೆ ಬಿದ್ದಿತ್ತು, ಮನೆಯವರಿಗೆ ಅದು ಗೊತ್ತೇ ಇರಲಿಲ್ಲ.

ತೆರೆದ ಬೆಂಕಿ ಕೋಣೆಯ ಗಾಳಿಯನ್ನು ಧಾರಾಳವಾಗಿ ಎಳೆದುಕೊಂಡು ಹೊಗೆಯನ್ನು ರಭಸವಾಗಿ ಮೇಲಕ್ಕೆ ತಳ್ಳುತ್ತೆ. ಸ್ಟವ್ ಬಾಗಿಲು ಮುಚ್ಚಿ ಉರಿಯೋದು, ಹೊಗೆ ಕಡಿಮೆ, ನಿಧಾನ. 6 ಇಂಚಿನ ಪೈಪಿನ ಬಾಯಿ ಸುಮಾರು 28 ಚದರ ಇಂಚು. ನಿಮ್ಮ ಚಿಮಣಿಯ ಒಳಭಾಗ 12ಕ್ಕೆ 12 ಇಂಚು ಇದ್ದರೆ 144, ಅಂದರೆ ಐದು ಪಟ್ಟು. ಅಷ್ಟು ಅಗಲಕ್ಕೆ ಹೋದ ಹೊಗೆ ಅಲ್ಲೇ ತಣ್ಣಗಾಗಿ ಗೋಡೆಗೆ ಡಾಂಬರಿನ ಹಾಗೆ ಅಂಟುತ್ತೆ. ಇದೇ ಕ್ರಿಯೋಸೋಟ್. ಒಂದು ಕಿಡಿ ತಗುಲಿ ಅದು ಹೊತ್ತಿಕೊಂಡರೆ ಚಿಮಣಿಯೊಳಗಿನ ಶಾಖ 1000 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಹಳೇ ಚಿಮಣಿಯ ಗಾರೆ ಉದುರಿರುತ್ತೆ, ಇಟ್ಟಿಗೆ ಬಿರುಕು ಬಿಟ್ಟಿರುತ್ತೆ, ಅದರಾಚೆಗೇ ಮರದ ತೊಲೆ.

ಹಾಗಾಗಿ ಸ್ಟವ್‌ನ ಕುತ್ತಿಗೆಯಿಂದ ಚಿಮಣಿಯ ತುದಿವರೆಗೂ ಸ್ಟವ್‌ನ ಹೊಗೆಬಾಯಿಯಷ್ಟೇ ಅಳತೆಯ ಸ್ಟೇನ್‌ಲೆಸ್ ಸ್ಟೀಲ್ ಲೈನರ್, ಅಂದರೆ ಚಿಮಣಿಯೊಳಗಿನ ಹೊಗೆ ಪೈಪು, ಇಳಿಸಬೇಕು. ಅದರ ಸುತ್ತ ಶಾಖನಿರೋಧಕ ಹೊದಿಕೆ ಸುತ್ತಿಸಿ. ಖರ್ಚು ಅಂತ ಹೊದಿಕೆ ಬಿಡುವವರಿದ್ದಾರೆ, ನಾನಂತೂ ಬಿಡಲ್ಲ. ಪೈಪ್ ಬಿಸಿಯಾಗಿ ಉಳಿದಷ್ಟೂ ಮಸಿ ಕಡಿಮೆ. ಫೈರ್‌ಪ್ಲೇಸ್‌ನ ಗಂಟಲಲ್ಲಿ ಲೈನರ್ ಸುತ್ತ ಉಕ್ಕಿನ ತಗಡು ಹಾಕಿ ಮುಚ್ಚಿಸಿದರೆ ಕಾವು ಕೋಣೆಯಲ್ಲೇ ಉಳಿಯುತ್ತೆ. ಇದಕ್ಕೆಲ್ಲ ಮುಂಚೆ ಚಿಮಣಿ ಗುಡಿಸಿ, ಕ್ಯಾಮೆರಾ ಇಳಿಸಿ ನೋಡಿಸಿ.

ಪ್ರಶ್ನೆ: ಅರ್ಥವಾಯ್ತು ಸರ್, ಲೈನರ್ ಹಾಕಿಸ್ತೇವೆ. ಫೈರ್‌ಪ್ಲೇಸ್ ಮೇಲೆ ಹಳೇ ಮರದ ಹಲಗೆ ಇದೆ, ತೆಗೆಯೋಕೆ ಮನಸ್ಸಿಲ್ಲ. ಇರಬಹುದಾ?

ಉತ್ತರ: ಅಳೆದು ನೋಡಿ. ಸ್ಟವ್‌ನ ಕೈಪಿಡಿಯಲ್ಲಿ ಮರಕ್ಕೆ ಎಷ್ಟು ಅಂತರ ಬೇಕು ಅಂತ ಬರೆದಿರುತ್ತೆ, ಅದಕ್ಕಿಂತ ಒಂದಿಂಚೂ ಕಡಿಮೆ ಬೇಡ. ಸೆಕೆಂಡ್‌ಹ್ಯಾಂಡ್ ಸ್ಟವ್, ಪರೀಕ್ಷೆಯಾದ ಲೇಬಲ್ ಇಲ್ಲ ಅಂದರೆ ಸುತ್ತಲೂ 36 ಇಂಚು ಬಿಡಬೇಕು. ನಿಮ್ಮ ಹಲಗೆ ಅಷ್ಟು ದೂರ ಇರೋದು ಅನುಮಾನ. ‘ಇಷ್ಟು ದಿನ ಏನೂ ಆಗಿಲ್ಲ’ ಅನ್ನೋ ಮಾತನ್ನು ಇಲ್ಲಿ ನಂಬಬೇಡಿ. ವರ್ಷಗಟ್ಟಲೆ ಕಾವು ತಿಂದ ಮರ ಒಳಗೊಳಗೇ ಕರಿಯಾಗಿ, ಹೊಸ ಮರಕ್ಕಿಂತ ಕಡಿಮೆ ಶಾಖಕ್ಕೇ ಹೊತ್ತಿಕೊಳ್ಳುತ್ತೆ. ಹಲಗೆ ಉಳಿಸಲೇಬೇಕಾದರೆ ಕೈಪಿಡಿ ಒಪ್ಪುವ ಶಾಖದ ತಡೆ ಹಾಕಿಸಿ, ಇಲ್ಲವೇ ಚಿಕ್ಕ ಸ್ಟವ್ ಆರಿಸಿ. ಬಾಗಿಲ ಮುಂದಿನ ನೆಲವೂ ಕನಿಷ್ಠ 18 ಇಂಚು ಕಲ್ಲು ಅಥವಾ ಟೈಲ್ ಆಗಿರಲಿ, ಕೆಂಡ ಉರುಳೋದು ಅಲ್ಲಿಗೇ.

ಇನ್ನೊಬ್ಬರ ಪ್ರಶ್ನೆ: ನಾನೂ ಸೌದೆ ಸ್ಟವ್ ಹಾಕಿಸೋ ಯೋಚನೆಯಲ್ಲಿದ್ದೆ. ಹಸಿ ಸೌದೆ ಉರಿಸಿದರೆ ತೊಂದರೆಯಾ?

ಉತ್ತರ: ತೊಂದರೆಯೇ. ತೇವ 20 ಪ್ರತಿಶತಕ್ಕಿಂತ ಕೆಳಗಿರಬೇಕು. ಸೀಳಿ, ಗಾಳಿಯಾಡುವ ಹಾಗೆ ಒಟ್ಟಿ, ಮೇಲೆ ಮಾತ್ರ ಮುಚ್ಚಿಡಿ. ಇನ್ನೊಂದು ಮಾತು ಇಬ್ಬರಿಗೂ: ಸ್ಟವ್ ಹಚ್ಚೋ ಮೊದಲ ದಿನವೇ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂರಿಸಿ. ಆ ಅನಿಲಕ್ಕೆ ವಾಸನೆ ಇಲ್ಲ, ಮಲಗಿದವರಿಗೆ ತಿಳಿಯೋದೇ ಇಲ್ಲ.