ಪದಚರ್ಚೆ: ‘ಲಾಸ್ ಆಫ್ ಪ್ರಾಫಿಟ್’ ಪಾಲಿಸಿಗೆ ನಮ್ಮ ಮಂದಿಗೆ ತಿಳಿಯೋ ಪದ ಯಾವ್ದು?

ಎಲ್ಲಾರಿಗೂ ನಮಸ್ಕಾರ್ರಿ. ರಾಮದುರ್ಗದಾಗ ಲೆಕ್ಕಪತ್ರದ ಕೆಲಸ ಮಾಡ್ತೀನಿ, ನೇಕಾರರದು, ಕಿರಾಣಿ ಅಂಗಡಿಯವ್ರದು, ಸಣ್ಣ ಸಣ್ಣ ಕಾರ್ಖಾನೆಯವ್ರದು ಜಿಎಸ್‌ಟಿ, ಬ್ಯಾಲೆನ್ಸ್ ಶೀಟ್ ಎಲ್ಲಾ ನಾವ ನೋಡೋದು. ನೆರೆ ಬಂದು ದಂಧೆ ನಿಂತ್ರ ಆಗೋ ನಷ್ಟಾನ ಹೆಂಗ ಲೆಕ್ಕ ಹಾಕಬೇಕು, ಇನ್ಶೂರೆನ್ಸ್ ಕಂಪನಿಗೆ ಏನೇನು ಕಾಗದ ತೋರಸ್ಬೇಕು ಅಂತ ಅವರಿಗೋಸ್ಕರ ಒಂದು ಸಣ್ಣ ಕನ್ನಡ ಕೈಪಿಡಿ ಬರೀಲಿಕತ್ತೀನಿ, ಅದರಾಗ ಪದಗಳ ಹತ್ರ ಬಂದು ಸಿಕ್ಕಾಕ್ಕೊಂಡೈತಿ. 2019ರ ಆಗಸ್ಟ್‌ದಾಗ ಮಲಪ್ರಭಾ, ಘಟಪ್ರಭಾ, ಕೃಷ್ಣಾ ಒಂದ ಸಲಕ್ಕ ಉಕ್ಕಿ ರಾಮದುರ್ಗ, ಗೋಕಾಕ, ಮುಧೋಳ ಕಡೆ ಏನಾತು ಅನ್ನೋದು ಇಲ್ಲಿದ್ದವರಿಗೆಲ್ಲಾ ಗೊತ್ತೈತಿ. ತೊಯ್ದ ನೂಲು, ಜಂಗು ಹಿಡದ ಮೋಟಾರು ಕಣ್ಣಿಗೆ ಕಾಣ್ತಾವ, ಪಂಚನಾಮೆದಾಗ ಬರ್ತಾವ, ಆದ್ರ ನೀರು ಇಳದ ಮ್ಯಾಲೂ ಮಗ್ಗ ಬಂದ್ ಬಿದ್ದು, ಗಿರಾಕಿ ಬ್ಯಾರೆ ಕಡೆ ಹೋಗಿ, ಬ್ಯಾಂಕಿನ ಬಡ್ಡಿ ಮಾತ್ರ ಏರಕೋತ ಹೋದದ್ದು ಯಾವ ಪಂಚನಾಮೆದಾಗೂ ಬರಂಗಿಲ್ಲ. ಅದಕ್ಕಂತನ ಇರೋದು ಈ ಲಾಸ್ ಆಫ್ ಪ್ರಾಫಿಟ್ ಪಾಲಿಸಿ, ಫೈರ್ ಪಾಲಿಸಿ (ಬೆಂಕಿ, ನೆರೆಯಂಥಾದ್ರಿಂದ ಕಟ್ಟಡ, ಯಂತ್ರ, ಸರಕಿಗೆ ಆಗೋ ಹಾನಿಯ ವಿಮೆ) ಜೋಡಿ ತಗೋಬೇಕಾದದ್ದು.

ಇದನ್ನ ‘ಲಾಭನಷ್ಟ ವಿಮೆ’ ಅಂತ ಬರದ್ರ ಏನಾಗ್ತೈತಿ ನೋಡ್ರಿ. ಕನ್ನಡದಾಗ ಲಾಭನಷ್ಟ ಅಂದ ಕೂಡ್ಲೆ ಲಾಭ ಮತ್ತು ನಷ್ಟ, ದ್ವಂದ್ವ ಸಮಾಸ, ದಿವಾಣಜಿ ವರ್ಷದ ಕೊನಿಗೆ ತೆಗೆಯೋ ಲೆಕ್ಕ. ‘ಲಾಭದ ನಷ್ಟ’ ಅಂತ ಷಷ್ಠೀ ತತ್ಪುರುಷ ಮಾಡಿ ಯಾರೂ ಓದಂಗಿಲ್ಲ. ಬಿಡಿಸಿ ‘ಲಾಭದ ನಷ್ಟ’ ಅಂತ ಬರದ್ರೂ ಇನ್ನೊಂದು ತಕರಾರು ಬರ್ತೈತಿ, ಮತ್ತ ಅದು ರೊಕ್ಕದ ತಕರಾರು.

ಯಾಕಂದ್ರ ಪಾಲಿಸಿಯಾಗಿನ ಗ್ರಾಸ್ ಪ್ರಾಫಿಟ್ ಅನ್ನೋದು ವರ್ಷದ ಲಾಭನಷ್ಟದ ಲೆಕ್ಕದಾಗಿನ ಗ್ರಾಸ್ ಪ್ರಾಫಿಟ್ ಅಲ್ಲ. ಪಾಲಿಸಿಯಾಗ ಅದರ ಅರ್ಥ ನಿವ್ವಳ ಲಾಭ ಮತ್ತ ದಂಧೆ ನಿಂತ್ರೂ ನಿಲ್ಲದ ಖರ್ಚು ಎರಡೂ ಕೂಡಿಸಿದ್ದು: ಶೆಡ್ಡಿನ ಬಾಡಿಗಿ, ಸಾಲದ ಬಡ್ಡಿ, ತಿಂಗಳ ಪಗಾರದ ಮ್ಯಾಲಿರೋ ಜಾಬರು (ಮಗ್ಗ ನೋಡಿಕೊಳ್ಳೋನು), ದಿವಾಣಜಿ. ಸೀರಿಗಿಷ್ಟು ಅಂತ ಕೊಡೋ ಮಜೂರಿ, ನೂಲಿನ ಖರ್ಚು ಇದರಾಗ ಬರಂಗಿಲ್ಲ, ಯಾಕಂದ್ರ ಮಗ್ಗ ನಿಂತ್ರ ಅವೂ ನಿಲ್ತಾವ. ಇದನ್ನ ‘ಒಟ್ಟು ಲಾಭ’ ಅಂತ ಅನುವಾದ ಮಾಡಿದ್ರ ಓದಿದವ್ರು ‘ನಮಗ ಲಾಭಾನ ಕಡಿಮಿ, ವಿಮೆ ಯಾಕ’ ಅಂತಾರ, ಇಲ್ಲಾಂದ್ರ ಬರೀ ನಿವ್ವಳ ಲಾಭದಷ್ಟಕ್ಕ ವಿಮೆ ಇಳಸ್ತಾರ.

ಒಂದು ಕಲ್ಪನೆಯ ಲೆಕ್ಕ ಹೇಳ್ತೀನಿ, ಕೈಪಿಡಿಗೂ ಇದನ್ನ ಹಾಕೋದೈತಿ. ವರ್ಷಕ್ಕ 120 ಲಕ್ಷ ವಹಿವಾಟಿನ ಒಂದು ಮಗ್ಗದ ಶೆಡ್ಡು, ನಿವ್ವಳ ಲಾಭ 6 ಲಕ್ಷ, ನಿಲ್ಲದ ಖರ್ಚು 18 ಲಕ್ಷ, ಎರಡೂ ಕೂಡಿ 24 ಲಕ್ಷ, ಅಂದ್ರ ವಹಿವಾಟಿನ ಶೇ. 20. ಹೋದ ವರ್ಷ ಆಗಸ್ಟ್‌ನಿಂದ ಅಕ್ಟೋಬರ್‌ತನ 36 ಲಕ್ಷ ವಹಿವಾಟು ಆಗಿತ್ತು, ನೆರೆ ಬಂದ ವರ್ಷ ಅದ ಮೂರು ತಿಂಗಳಿಗೆ 12 ಲಕ್ಷ. ಕಮ್ಮಿ ಬಿದ್ದದ್ದು 24 ಲಕ್ಷ, ಅದರ ಶೇ. 20 ಅಂದ್ರ 4.80 ಲಕ್ಷ. ಗಿರಾಕಿ ಕೈ ಬಿಡಬಾರದು ಅಂತ ಬ್ಯಾರೆಯವರ ಶೆಡ್ಡಿನಾಗ ನೇಯಿಸಿ 60 ಸಾವಿರ ಜಾಸ್ತಿ ಖರ್ಚು ಮಾಡಿದ್ರ ಅದನ್ನೂ ಕೂಡಸ್ಬೇಕು, ಆದ್ರ ಆ ಖರ್ಚಿನಿಂದ ಉಳಿಸಿಕೊಂಡ ವಹಿವಾಟಿನ ಶೇ. 20ಕ್ಕಿಂತ ಅದು ಹೆಚ್ಚಿರಬಾರದು. ಬಾಡಿಗಿ ಮಾಫ್ ಆಗಿ 40 ಸಾವಿರ ಉಳದ್ರ ಅದನ್ನ ಕಳೀಬೇಕು. ಕೊನಿಗೆ 5 ಲಕ್ಷ. ಈಗ ಆ ಮಾಲೀಕ ‘ಲಾಭ’ ಅನ್ನೋ ಮಾತು ನಂಬಿ 24 ಲಕ್ಷದ ಬದ್ಲಿ 6 ಲಕ್ಷಕ್ಕ ವಿಮೆ ಇಳಿಸಿದ್ದ ಅಂದ್ರ, ನಾಕನೇ ಒಂದು ಪಾಲು ವಿಮೆ, ಹಂಗಾಗಿ ಸಿಗೋದೂ ನಾಕನೇ ಒಂದು ಪಾಲು, 1.25 ಲಕ್ಷ. ಪ್ರೀಮಿಯಂ ಕಟ್ಟಿದಾತಗ ಒಂದು ತಪ್ಪು ತಿಳುವಳಿಕಿಂದ ಇಷ್ಟು ಪೆಟ್ಟು ಬೀಳಬಾರದ್ರಿ.

ಈ ಕಡಿತದ ಷರತ್ತಿಗೆ ಇಂಗ್ಲಿಷಿನ್ಯಾಗ ಆವರೇಜ್ ಅಂತಾರ. ಅದನ್ನ ‘ಸರಾಸರಿ ಷರತ್ತು’ ಅಂತ ಬರೀಬಾರದು, ಅಲ್ಲಿ ಸರಾಸರಿ ತೆಗೆಯೋ ಮಾತ ಇಲ್ಲ. ‘ಕಮ್ಮಿ ವಿಮೆ ಕಡಿತ’ ಅಂದ್ರ ಹೆಂಗ? ಹಂಗ ಇಂಡೆಮ್ನಿಟಿ ಪೀರಿಯಡ್‌ಗೆ ‘ಪರಿಹಾರ ಅವಧಿ’ ಅಂದ್ರ ಪರಿಹಾರಕ್ಕ ಅರ್ಜಿ ಹಾಕೋ ಗಡುವು ಅಂತ ತಿಳ್ಕೋತಾರ. ಅದು ಹಾನಿ ಆದ ದಿನದಿಂದ ವಹಿವಾಟು ಮೊದಲಿನಂಗ ಆಗೋತನಕದ ಕಾಲ, ಪಾಲಿಸಿಯಾಗ ಬರದಷ್ಟು ತಿಂಗಳು ಮೀರಂಗಿಲ್ಲ. ನಾನು ‘ಸಾವರಿಸಿಕೊಳ್ಳೋ ಅವಧಿ’ ಅಂತ ಬರದೀನಿ. ವಿಮೆಯ ಹಾನಿ ಲೆಕ್ಕ ಹಾಕಾಕ ಬರೋರಿಗೆ ಸರ್ವೇಯರ್ ಅಂತಾರ, ಆದ್ರ ಸರ್ವೇಯರ್ ಅಂದ್ರ ಹಳ್ಳಿಯಾಗ ಹೊಲ ಅಳೆಯೋ ಮೋಜಣಿದಾರ, ಅದಕ್ಕ ‘ಹಾನಿ ಅಂದಾಜುದಾರ’ ಅಂತ ಇಟ್ಟೀನಿ.

ಕಾಗದಪತ್ರದ ಭಾಗದಾಗ ಮಾತ್ರ ಹಳೇ ಪದಗಳ ಸಾಕಾಗ್ತಾವ. ಕೀರ್ದಿ (ದಿನದ ಲೆಕ್ಕದ ಪುಸ್ತಕ), ಖತಾವಣಿ (ಲೆಡ್ಜರ್), ಮಜೂರಿ ಪುಸ್ತಕ, ಸ್ಟಾಕ್ ಪುಸ್ತಕ. ಅವು ನೀರಾಗ ಹೋಗಿದ್ರ ಜಿಎಸ್‌ಟಿ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್, ಹೆಸ್ಕಾಂ ಬಿಲ್. ಕರೆಂಟ್ ಬಿಲ್ಲಿನ ಯುನಿಟ್ ನೋಡಿದ್ರ ಮಗ್ಗ ಯಾವ ತಿಂಗಳು ಎಷ್ಟು ಓಡ್ಯಾವ ಅನ್ನೋದಕ್ಕ ಪುರಾವೆ ಸಿಗ್ತೈತಿ, ಇದನ್ನ ಬಹಳ ಮಂದಿ ಮರೀತಾರ. ಗೋಡಿ ಮ್ಯಾಲಿನ ನೀರಿನ ಗೆರಿ ಅಳಿಸೋಕ್ಕಿಂತ ಮೊದ್ಲ ಫೋಟೋ ತಗೀಬೇಕು. ದೀಪಾವಳಿ ಆರ್ಡರ್ ರದ್ದಾಗಿದ್ರ ಆ ವಾಟ್ಸಾಪ್ ಮೆಸೇಜನ್ನೂ ಅಳಿಸಬಾರದು, ದಂಧೆ ಏರಕೋತ ಹೊಂಟಿತ್ತು ಅಂತ ತೋರಿಸಿದ್ರ ಹೋದ ವರ್ಷದ ವಹಿವಾಟಿಗೆ ಅಷ್ಟು ಸೇರಿಸಿ ಲೆಕ್ಕ ಹಿಡೀಬೇಕು ಅಂತ ಪಾಲಿಸಿಯಾಗ ಅವಕಾಶ ಇರ್ತೈತಿ.

ಇನ್ನ ಹಾನಿ, ನಷ್ಟ. ಪೇಪರಿನ್ಯಾಗ ಬೆಳೆ ಹಾನಿ, ಬೆಳೆ ನಷ್ಟ ಎರಡೂ ಒಂದ ಅರ್ಥದಾಗ ಬರ್ತಾವ, ಆದ್ರ ಇಲ್ಲಿ ಬ್ಯಾರೆ ಬ್ಯಾರೆ ಇಡಲೇಬೇಕು. ಮೊದ್ಲು ಕಟ್ಟಡಕ್ಕೋ ಯಂತ್ರಕ್ಕೋ ಹಾನಿ ಆಗಿ ಅದರ ಪಾಲಿಸಿಯವ್ರು ಹೊಣೆ ಒಪ್ಪಬೇಕು, ಆಮ್ಯಾಲ ಈ ನಷ್ಟದ ಮಾತು. ಗೋಕಾಕದ ಹತ್ರ ಲೋಳಸೂರ ಸೇತುವೆ ಮುಳುಗಿ ಗಿರಾಕಿ ಬರಲಿಲ್ಲ, ಅಂಗಡಿಗೆ ಮಾತ್ರ ಹನಿ ನೀರೂ ತಾಗಿಲ್ಲ ಅಂದ್ರ ಬರೇ ಈ ಪಾಲಿಸಿ ಸಾಲಂಗಿಲ್ಲ, ರಸ್ತೆ ಬಂದ್ ಆದದ್ದಕ್ಕ ಬ್ಯಾರೆ ಸೇರ್ಪಡೆ ತಗೊಂಡಿರಬೇಕು. ಹಾನಿ ಅನ್ನೋದನ್ನ ವಸ್ತುವಿಗೆ, ನಷ್ಟ ಅನ್ನೋದನ್ನ ಗಳಿಕಿಗೆ ಅಂತ ಗೆರಿ ಎಳದೀನಿ.

ಉಳದದ್ದು ಪಾಲಿಸಿಯ ಹೆಸರು. ‘ವ್ಯವಹಾರ ಅಡಚಣೆ ವಿಮೆ’ ನಮ್ಮ ಕಡೆ ನಡ್ಯಂಗಿಲ್ಲ, ‘ಈ ತಿಂಗಳ ಸ್ವಲ್ಪ ಅಡಚಣಿ ಐತ್ರಿ’ ಅಂದ್ರ ಕೈಯಾಗ ರೊಕ್ಕ ಇಲ್ಲ ಅಂತ ಅರ್ಥ. ನನಗ ಹಿಡಿಸಿದ್ದು ‘ದಂಧೆ ನಿಂತ ನಷ್ಟದ ವಿಮೆ’. ಬೆಳಗಾವಿ, ಬಾಗಲಕೋಟಿ, ವಿಜಯಪುರದಾಗ ದಂಧೆ ಅಂದ್ರ ಮರ್ಯಾದಿಯ ಉದ್ಯೋಗ, ‘ಏನ್ ದಂಧೆ ಮಾಡ್ತೀರಿ’ ಅಂತ ಬೀಗರನ್ನೂ ಕೇಳ್ತೀವಿ. ಆದ್ರ ಪೇಪರಿನ್ಯಾಗ ಮರಳು ದಂಧೆ, ಗಾಂಜಾ ದಂಧೆ ಅಂತ ಓದಿ ಓದಿ ಬೆಂಗಳೂರು, ಮೈಸೂರು ಕಡೆಯವ್ರಿಗೆ ಅದು ಕಳ್ಳ ವ್ಯಾಪಾರ ಅನ್ನಿಸಬಹುದು, ಕೈಪಿಡಿ ಆ ಕಡೆ ಹೋದ್ರ ತೊಂದ್ರಿ. ಆ ಕಡೆಯ ಅಣ್ಣ ಅಕ್ಕಂದಿರು ಹೇಳ್ರಿ, ನಿಮ್ಮ ಕಿವಿಗೆ ದಂಧೆ ಹೆಂಗ ಕೇಳಸ್ತೈತಿ? ಮತ್ತ ಆ ‘ನಿವ್ವಳ ಲಾಭ ಮತ್ತ ನಿಲ್ಲದ ಖರ್ಚು’ ಎರಡಕ್ಕೂ ಕೂಡಿ ಲಾಭ ಅನ್ನೋ ಶಬ್ದ ಇಲ್ಲದ ಒಂದ ಪದ ಯಾರಿಗರ ಹೊಳೀತೈತೇನು? ನಾನು ಸದ್ಯಕ್ಕ ‘ವಿಮಾ ಗಳಿಕೆ’ ಅಂತ ಬರದೀನಿ, ವಿಮೆಯಿಂದ ಬರೋ ಗಳಿಕಿ ಅಂತ ಯಾರರ ಓದಿಬಿಟ್ಟಾರು ಅನ್ನೋ ಅಳುಕು ಐತಿ, ಇದಕ್ಕಿಂತ ಚಲೋದು ಸಿಕ್ರ ಅಚ್ಚಿಗೆ ಹೋಗೋಕ್ಕಿಂತ ಮೊದ್ಲ ಬದ್ಲಿ ಮಾಡ್ತೀನಿ.